ಧಾರವಾಡ–ಹುಬ್ಬಳ್ಳಿಯಿಂದ ಬೆಂಗಳೂರಿಗೆ: ವಿಮಾನದಲ್ಲಿ ಎಷ್ಟು ಹೊತ್ತು, ರಸ್ತೆಯಲ್ಲಿ ಎಷ್ಟು ಹೊತ್ತು?

ಮಾಳಮಡ್ಡಿ ವಾಸಿ, ಧಾರವಾಡ

ಮುಂದಿನ ತಿಂಗಳು ನಮ್ಮ ತಾಯಿಯವರ ಮೊಣಕಾಲು ತೋರಿಸಲು ಬೆಂಗಳೂರಿನ ಜಯನಗರದ ಕಡೆಯ ಒಂದು ಆಸ್ಪತ್ರೆಗೆ ಹೋಗಬೇಕಾಗಿದೆ. ವೈದ್ಯರು ಬೆಳಿಗ್ಗೆ 11 ಗಂಟೆಗೆ ಬರಹೇಳಿದ್ದಾರೆ. ವಿಮಾನದಲ್ಲಿ ಹೋಗುವುದೋ, ಕಾರು ಮಾಡಿಕೊಂಡು ಹೋಗುವುದೋ, ರಾತ್ರಿ ಬಸ್ಸಿಗೆ ಹತ್ತುವುದೋ ಎಂದು ಮನೆಯಲ್ಲಿ ಚರ್ಚೆ ನಡೆದಿದೆ. ದೂರದ ಲೆಕ್ಕ ನೋಡಹೋದರೆ ಒಂದು ಕಡೆ ಹುಬ್ಬಳ್ಳಿ–ಬೆಂಗಳೂರು 370 ಕಿ.ಮೀ. ಎಂದಿದೆ, ಇನ್ನೊಂದು ಕಡೆ 410 ಎಂದಿದೆ, ರೈಲಿನ ವೇಳಾಪಟ್ಟಿಯಲ್ಲಿ 470ರ ಹತ್ತಿರ ಇದೆ. ವೇಳೆಯ ವಿಷಯವಂತೂ ಕೇಳಲೇಬೇಡಿ. ವಿಮಾನದಲ್ಲಿ 28 ನಿಮಿಷ ಸಾಕು ಎಂದು ಬರೆದವರೂ ಇದ್ದಾರೆ. ಮನೆಯ ಬಾಗಿಲಿನಿಂದ ಆಸ್ಪತ್ರೆಯ ಬಾಗಿಲಿನವರೆಗೆ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು, ಈ ದಾರಿಯಲ್ಲಿ ಓಡಾಡುವವರು ದಯವಿಟ್ಟು ತಿಳಿಸಬೇಕು.

ವಿದ್ಯಾನಗರ, ಹುಬ್ಬಳ್ಳಿ

ನೀವು ಹೇಳಿದ ಮೂರು ಅಂಕಿಗಳೂ ಸರಿಯಾಗಿಯೇ ಇವೆ, ಆದರೆ ಅವು ಮೂರು ಬೇರೆ ಬೇರೆ ದಾರಿಗಳನ್ನು ಅಳೆಯುತ್ತವೆ. 370 ಕಿ.ಮೀ. ಎಂಬುದು ಗೋಕುಲ ರೋಡಿನ ನಮ್ಮ ವಿಮಾನ ನಿಲ್ದಾಣಕ್ಕೂ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ನಡುವಿನ ನೇರ ದೂರ. 410 ಕಿ.ಮೀ. ಎಂಬುದು ರಾಷ್ಟ್ರೀಯ ಹೆದ್ದಾರಿ 48ರ ದೂರ, ಅಂದರೆ ಹಾವೇರಿ, ರಾಣೆಬೆನ್ನೂರು, ಹರಿಹರ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರುಗಳ ಮೇಲೆ ಹಾದು ನೆಲಮಂಗಲದಲ್ಲಿ ಬೆಂಗಳೂರಿಗೆ ಕಾಲಿಡುವ ದಾರಿ. ರೈಲು ದಾವಣಗೆರೆಯ ನಂತರ ಹೆದ್ದಾರಿಯನ್ನು ಬಿಟ್ಟು ಚಿಕ್ಕಜಾಜೂರು, ಬೀರೂರು, ಕಡೂರು, ಅರಸೀಕೆರೆ, ತಿಪಟೂರುಗಳನ್ನು ಸುತ್ತಿ ಬರುವುದರಿಂದ ಅದಕ್ಕೆ ಇನ್ನೂ ಅರವತ್ತು ಕಿ.ಮೀ. ಹೆಚ್ಚು.

ಆ 28 ನಿಮಿಷ ಎಲ್ಲಿಂದ ಬಂತು ಎಂಬುದನ್ನು ಊಹಿಸುವುದು ಕಷ್ಟವಲ್ಲ. 370 ಕಿ.ಮೀ.ಯನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿದರೆ ಅಷ್ಟೇ ಬರುತ್ತದೆ. ಎತ್ತರದಲ್ಲಿ ಪೂರ್ತಿ ವೇಗ ಹಿಡಿದು ಹಾರುವ ದೊಡ್ಡ ಜೆಟ್ ವಿಮಾನದ ವೇಗವನ್ನು ಹುಬ್ಬಳ್ಳಿಯ ನೆಲದಿಂದಲೇ ಲೆಕ್ಕ ಹಿಡಿದರೆ ಆಗುವ ಫಜೀತಿ ಇದು. ಈ ಮಾರ್ಗದಲ್ಲಿ ಹೆಚ್ಚಾಗಿ ಓಡುವುದು ಎಟಿಆರ್ 72 ಎಂಬ, ರೆಕ್ಕೆಗಳ ಮೇಲೆ ಫ್ಯಾನು ತಿರುಗುವ ವಿಮಾನ. ಅದರ ಪೂರ್ತಿ ವೇಗವೇ ಗಂಟೆಗೆ 500 ಕಿ.ಮೀ.ಯ ಆಸುಪಾಸು. ಏರುವಾಗಲೂ ಇಳಿಯುವಾಗಲೂ ಆ ವೇಗ ಸಿಗುವುದಿಲ್ಲ. ಟಿಕೆಟಿನಲ್ಲಿ ಅಚ್ಚಾಗುವ ವೇಳೆಯಾದರೋ ವಿಮಾನ ತಾನು ನಿಂತ ಜಾಗದಿಂದ ಅಲುಗಿದ ಹೊತ್ತಿನಿಂದ ಆ ತುದಿಯಲ್ಲಿ ಹೋಗಿ ನಿಲ್ಲುವ ಹೊತ್ತಿನವರೆಗೆ ಇರುವುದು. ಅದು ಸಾಮಾನ್ಯವಾಗಿ ಒಂದು ಗಂಟೆ ಐದು ನಿಮಿಷದಿಂದ ಒಂದು ಗಂಟೆ ಇಪ್ಪತ್ತು ನಿಮಿಷದವರೆಗೆ ಇರುತ್ತದೆ.

ಹಾವೇರಿ ವರ್ತಕ

ನಮ್ಮ ಕಡೆಯವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಬೆಂಗಳೂರಿಗೆ ಹೋಗಬೇಕಾದವರು ವಿಮಾನಕ್ಕಾಗಿ ಮೊದಲು ಎಪ್ಪತ್ತೈದು ಕಿ.ಮೀ. ಹಿಂದಕ್ಕೆ ಹುಬ್ಬಳ್ಳಿಗೆ ಹೋಗಬೇಕು. ಅಷ್ಟು ಹೊತ್ತಿನಲ್ಲಿ ಕಾರು ದಾವಣಗೆರೆ ತಲುಪಿರುತ್ತದೆ.

ಮಾಳಮಡ್ಡಿ ವಾಸಿ, ಧಾರವಾಡ

ವಿದ್ಯಾನಗರದವರಿಗೆ ಧನ್ಯವಾದಗಳು. ಒಂದು ಗಂಟೆ ಇಪ್ಪತ್ತು ನಿಮಿಷ ಎಂದಿಟ್ಟುಕೊಂಡರೂ ಕಾರಿನ ಏಳು ಗಂಟೆಗಳ ಮುಂದೆ ಅದು ಏನೂ ಅಲ್ಲ ಎನಿಸುತ್ತದೆ. ಹಾಗಿದ್ದರೆ ವಿಮಾನವೇ ಸರಿ ಎಂದು ತೀರ್ಮಾನಿಸಬಹುದೇ?

ವಿದ್ಯಾನಗರ, ಹುಬ್ಬಳ್ಳಿ

ಹಾಗೆ ತೀರ್ಮಾನಿಸುವ ಮೊದಲು ನಿಮ್ಮ ಮನೆಯಿಂದಲೇ ಲೆಕ್ಕ ಹಿಡಿಯೋಣ. ಮಾಳಮಡ್ಡಿಯಿಂದ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಸುಮಾರು 20 ಕಿ.ಮೀ.; ಬೆಳಗಿನ ಹೊತ್ತಾದರೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಸಾಮಾನು ಒಪ್ಪಿಸುವ ಕೌಂಟರ್ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುವುದರಿಂದ, ಕನಿಷ್ಠ ಒಂದೂಕಾಲು ಗಂಟೆ ಮೊದಲು ಅಲ್ಲಿರಬೇಕು. ವಯಸ್ಸಾದವರು ಜೊತೆಗಿದ್ದರೆ ಇನ್ನೂ ಸ್ವಲ್ಪ ಬೇಗ ಹೋಗುವುದು ಕ್ಷೇಮ. ಪ್ರಯಾಣ ಒಂದೂಕಾಲು ಗಂಟೆ. ದೇವನಹಳ್ಳಿಯಲ್ಲಿ ಇಳಿದು, ಸಾಮಾನು ತೆಗೆದುಕೊಂಡು, ಟ್ಯಾಕ್ಸಿಯಲ್ಲಿ ಕೂರುವ ಹೊತ್ತಿಗೆ ಅರ್ಧ ಗಂಟೆ. ಅಲ್ಲಿಂದ ಜಯನಗರಕ್ಕೆ ನಲವತ್ತು ಕಿ.ಮೀ.ಗಿಂತ ಹೆಚ್ಚು, ಅದೂ ಹೆಬ್ಬಾಳ ಮತ್ತು ನಗರದ ನಟ್ಟನಡುವೆ ಹಾದು ಹೋಗಬೇಕು. ಬೆಳಿಗ್ಗೆ 9ರಿಂದ 11ರ ನಡುವೆ ಒಂದೂವರೆ ಗಂಟೆಯಿಂದ ಎರಡು ಗಂಟೆ ಬೇಕೇ ಬೇಕು. ಎಲ್ಲ ಸೇರಿದರೆ ಐದೂವರೆ ಗಂಟೆ ಆಯಿತು.

ಅಂದರೆ ಐದೂವರೆ ಗಂಟೆಗಳ ಪ್ರಯಾಣದಲ್ಲಿ ತಾವು ಗಾಳಿಯಲ್ಲಿ ಇರುವುದು ಒಂದು ಗಂಟೆ ಮಾತ್ರ. ಮಿಕ್ಕಿದ್ದೆಲ್ಲ ನೆಲದ ಮೇಲೆ, ಅದೂ ಸಾಲಿನಲ್ಲಿ ಮತ್ತು ಟ್ರಾಫಿಕ್ಕಿನಲ್ಲಿ. ಕಾರಿನಲ್ಲಾದರೆ ಧಾರವಾಡದಿಂದ ಜಯನಗರಕ್ಕೆ 440 ಕಿ.ಮೀ.ಯ ಹತ್ತಿರ ಆಗುತ್ತದೆ. ಒಂದು ಊಟ, ಒಂದು ಚಹಾ ಎಂದು ಇಟ್ಟುಕೊಂಡರೆ ಏಳೂವರೆಯಿಂದ ಎಂಟು ಗಂಟೆ. ಹೀಗಾಗಿ ನಿಮ್ಮ ವಿಷಯದಲ್ಲಿ ವಿಮಾನ ಉಳಿಸುವುದು ಎರಡರಿಂದ ಎರಡೂವರೆ ಗಂಟೆ. ಇದು ಕಡಿಮೆ ಏನಲ್ಲ, ಆದರೆ ಏಳಕ್ಕೂ ಒಂದಕ್ಕೂ ಇರುವ ಅಂತರ ಇದಲ್ಲ.

ಇದೇ ಲೆಕ್ಕವನ್ನು ನನ್ನ ಮನೆಯಿಂದ ಯಲಹಂಕದಲ್ಲಿರುವ ಅಣ್ಣನ ಮನೆಗೆ ಹಾಕಿದರೆ ಚಿತ್ರವೇ ಬೇರೆ. ಈ ತುದಿಯಲ್ಲಿ ಇಪ್ಪತ್ತು ನಿಮಿಷ, ಆ ತುದಿಯಲ್ಲಿ ಅರ್ಧ–ಮುಕ್ಕಾಲು ಗಂಟೆ; ಒಟ್ಟು ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಬೆಂಗಳೂರು ಎಂದರೆ ಯಾವ ಬೆಂಗಳೂರು ಎಂಬುದರ ಮೇಲೆ ಉತ್ತರ ನಿಂತಿದೆ.

ಭೂಗೋಳ ಮಾಸ್ತರ್, ನಿವೃತ್ತ

ಇಲ್ಲಿಯ ಚರ್ಚೆಯಲ್ಲಿ ಒಂದು ಅಂಶ ಸ್ವಲ್ಪ ಮರೆಯಾಗಿದೆ ಎನಿಸುವುದರಿಂದ ದೀರ್ಘವಾಗಿ ಬರೆಯುತ್ತಿದ್ದೇನೆ. ಹಳೆಯ ಅಭ್ಯಾಸ, ಮನ್ನಿಸಬೇಕು.

ಹುಬ್ಬಳ್ಳಿ ನಗರದ ನಡುವಿನಿಂದ ಬೆಂಗಳೂರು ನಗರದ ನಡುವಿಗೆ ನಕ್ಷೆಯಲ್ಲಿ ಗೆರೆ ಎಳೆದರೆ ಸುಮಾರು 375 ಕಿ.ಮೀ. ಬರುತ್ತದೆ. ರಸ್ತೆ 410 ಕಿ.ಮೀ. ಅಂದರೆ ನೂರು ಕಿ.ಮೀ. ನೇರ ದೂರಕ್ಕೆ ರಸ್ತೆ ನೂರಾ ಒಂಬತ್ತು ಕಿ.ಮೀ. ಮಾತ್ರ ಸುತ್ತುತ್ತದೆ. ಎರಡು ಊರುಗಳ ನಡುವಿನ ರಸ್ತೆಗೆ ಇಷ್ಟು ಕಡಿಮೆ ಸುತ್ತು ಇರುವುದು ಅಪರೂಪ. ಈ ಹೆದ್ದಾರಿ ಘಟ್ಟ ಏರುವುದಿಲ್ಲ, ಇಳಿಯುವುದಿಲ್ಲ. ಬಯಲುಸೀಮೆಯ ಮೇಲೆ ವಾಯವ್ಯದಿಂದ ಆಗ್ನೇಯಕ್ಕೆ ಓರೆಯಾಗಿ ನೇರ ಓಡುತ್ತದೆ. ಹಾವೇರಿಯ ಬಳಿ ವರದಾ, ಹರಿಹರದಲ್ಲಿ ತುಂಗಭದ್ರಾ, ಹಿರಿಯೂರಿನಲ್ಲಿ ವೇದಾವತಿ ಎಂಬ ನದಿಗಳನ್ನು ದಾಟಿದರೆ ದೊಡ್ಡ ತಡೆಯೇನೂ ಇಲ್ಲ. ಚಿತ್ರದುರ್ಗದ ಗುಡ್ಡಗಳನ್ನು ಸಹ ರಸ್ತೆ ಪಕ್ಕಕ್ಕೆ ಬಿಟ್ಟು ಹೋಗುತ್ತದೆ.

ಇದನ್ನು ಮಂಗಳೂರಿನೊಡನೆ ಹೋಲಿಸಿ ನೋಡಿ. ಹುಬ್ಬಳ್ಳಿಯಿಂದ ಮಂಗಳೂರಿಗೆ ನೇರ ದೂರ ಸುಮಾರು 270 ಕಿ.ಮೀ. ಬೆಂಗಳೂರಿಗಿಂತ ನೂರು ಕಿ.ಮೀ. ಹತ್ತಿರ. ಆದರೆ ರಸ್ತೆ ಯಲ್ಲಾಪುರದ ಮೇಲೆ ಅರಬೈಲು ಘಟ್ಟ ಇಳಿದು ಅಂಕೋಲಾಕ್ಕೆ ಬಂದು, ಅಲ್ಲಿಂದ ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿಗಳನ್ನು ಹಿಡಿದು ಸುಮಾರು 350 ಕಿ.ಮೀ. ಆಗುತ್ತದೆ. ವೇಳೆ ಬೆಂಗಳೂರಿನಷ್ಟೇ, ಮಳೆಗಾಲದಲ್ಲಿ ಅದಕ್ಕಿಂತ ಹೆಚ್ಚು. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದ್ದನ್ನು ಎಲ್ಲರೂ ಬಲ್ಲರು. ಆ ದಿನಗಳಲ್ಲಿ ನಕ್ಷೆಯ ಮೇಲಿನ ದೂರಕ್ಕೆ ಯಾವ ಅರ್ಥವೂ ಇರಲಿಲ್ಲ. ವಿಮಾನ ಹಿಡಿಯುತ್ತೇನೆ ಎಂದು ಬೆಂಗಳೂರಿನಲ್ಲಿ ಬದಲಿಸಿ ಮಂಗಳೂರಿಗೆ ಹೋದರೆ, 270 ಕಿ.ಮೀ. ಆಚೆಯ ಊರಿಗೆ ಅದರ ಎರಡು ಪಟ್ಟಿಗೂ ಹೆಚ್ಚು ಹಾರಬೇಕಾಗುತ್ತದೆ.

ಆದ್ದರಿಂದ ನೇರ ದೂರಕ್ಕೂ ರಸ್ತೆಯ ದೂರಕ್ಕೂ ಅಂತರ ಹೆಚ್ಚಿದ್ದಲ್ಲಿ ವಿಮಾನಕ್ಕೆ ಲಾಭ, ಅಂತರ ಕಡಿಮೆ ಇದ್ದಲ್ಲಿ ರಸ್ತೆಗೆ ಲಾಭ ಎಂಬುದು ಒಂದು ಸ್ಥೂಲ ನಿಯಮ. ಆದರೆ ನಡುವೆ ನೇರ ವಿಮಾನ ಇರಬೇಕು. ಹುಬ್ಬಳ್ಳಿ–ಬೆಂಗಳೂರು ಮಾರ್ಗದಲ್ಲಿ ರಸ್ತೆ ಇಷ್ಟು ನೇರವಾಗಿರುವುದೇ ವಿಮಾನಕ್ಕೆ ಪೈಪೋಟಿ ಕೊಡುತ್ತಿರುವ ಮುಖ್ಯ ಕಾರಣ. ಮುಂಬೈಗೆ ನೇರ ದೂರ 480 ಕಿ.ಮೀ.ಯ ಹತ್ತಿರ, ರಸ್ತೆ ಬೆಳಗಾವಿ, ಕೊಲ್ಹಾಪುರ, ಸಾತಾರಾ, ಪುಣೆಗಳ ಮೇಲೆ 560 ಕಿ.ಮೀ.ಗೂ ಹೆಚ್ಚು. ಅಲ್ಲಿ ಖಂಡಾಲಾ ಘಟ್ಟವೂ ಇದೆ, ಮುಂಬೈ ಒಳಗೆ ನುಗ್ಗುವ ತಾಪತ್ರಯವೂ ಇದೆ. ಅಲ್ಲಿ ನಾನು ಹಿಂದುಮುಂದು ನೋಡದೆ ವಿಮಾನ ಎನ್ನುತ್ತೇನೆ. ದೆಹಲಿಗಂತೂ ನೇರ ದೂರವೇ 1,480 ಕಿ.ಮೀ.; ಅದರ ಬಗ್ಗೆ ಚರ್ಚಿಸುವ ಅಗತ್ಯವಿಲ್ಲ.

ಬೆಟಗೇರಿಯವ, ಗದಗ

ಮಾಸ್ತರರ ಮಾತಿಗೆ ಗದಗಿನ ಕಡೆಯಿಂದ ಒಂದು ಸೇರಿಸುತ್ತೇನೆ. ನಮಗೆ ಬೆಂಗಳೂರಿಗೆ ರಸ್ತೆಯೇ ಎರಡು. ಹೆದ್ದಾರಿ 67 ಹಿಡಿದು ಕೊಪ್ಪಳ, ಹೊಸಪೇಟೆಗೆ ಹೋಗಿ, ಅಲ್ಲಿಂದ ಹೆದ್ದಾರಿ 50ರಲ್ಲಿ ಚಿತ್ರದುರ್ಗ ಸೇರುವುದು ಒಂದು. ಲಕ್ಷ್ಮೇಶ್ವರದ ಮೇಲೆ ಹಾವೇರಿಯ ಕಡೆ ಹೋಗಿ 48 ಹಿಡಿಯುವುದು ಇನ್ನೊಂದು. ಎರಡನೆಯದು ಕಡಿಮೆ ದೂರ, ಆದರೆ ಹೆದ್ದಾರಿ ಸಿಗುವವರೆಗೆ ಊರೂರಿನ ಹಂಪು, ಕಬ್ಬಿನ ಟ್ರಾಕ್ಟರು, ದನಕರು ಎಲ್ಲ ಎದುರಾಗುತ್ತವೆ. ರಾತ್ರಿಯಾದರೆ ನಾನು ಹೊಸಪೇಟೆಯ ದಾರಿಯನ್ನೇ ಹಿಡಿಯುತ್ತೇನೆ. ದೂರ ಸ್ವಲ್ಪ ಹೆಚ್ಚಾದರೂ ಗಾಡಿ ಒಂದೇ ವೇಗದಲ್ಲಿ ಹೋಗುತ್ತದೆ.

ರೈಲಿನಲ್ಲಿಯೂ ಇದೇ ವಿಚಿತ್ರ. ಗೋಲಗುಂಬಜ್ ಎಕ್ಸ್‌ಪ್ರೆಸ್ ಬೆಂಗಳೂರಿನಿಂದ ಹುಬ್ಬಳ್ಳಿಯ ಮೇಲೆ ಗದಗಿಗೆ ಬರುತ್ತದೆ, ಹಂಪಿ ಎಕ್ಸ್‌ಪ್ರೆಸ್ ಗುಂತಕಲ್, ಬಳ್ಳಾರಿ, ಹೊಸಪೇಟೆ ಸುತ್ತಿ ಗದಗಿನ ಮೇಲೆ ಹುಬ್ಬಳ್ಳಿಗೆ ಹೋಗುತ್ತದೆ. ಅದೇ ಎರಡು ಊರುಗಳಿಗೆ ಎರಡು ದೂರ.

ವಿಮಾನದ ಮಾತಿಗೆ ಬಂದರೆ, ಗದಗಿನಿಂದ ಹುಬ್ಬಳ್ಳಿ ಅರವತ್ತು ಕಿ.ಮೀ.ಯ ಒಳಗೇ ಇದೆ, ಅಣ್ಣಿಗೇರಿಯ ಮೇಲೆ ರಸ್ತೆಯೂ ಚೆನ್ನಾಗಿದೆ. ತೊಂದರೆ ಇರುವುದು ಹುಬ್ಬಳ್ಳಿಯ ಒಳಗೆ. ನಾವು ಬರುವುದು ಊರಿನ ಪೂರ್ವದ ಕಡೆಯಿಂದ, ವಿಮಾನ ನಿಲ್ದಾಣ ಇರುವುದು ಪಶ್ಚಿಮದ ಗೋಕುಲ ರೋಡಿನಲ್ಲಿ. ಊರು ದಾಟುವುದಕ್ಕೆ ಹಿಡಿಯುವ ಹೊತ್ತನ್ನು ಮೊದಲೇ ಹೇಳಲು ಬರುವುದಿಲ್ಲ. ಒಂದೂವರೆ ಗಂಟೆ ಇಟ್ಟುಕೊಂಡು ಹೊರಡುವುದು ನಮ್ಮ ಮನೆಯ ಪದ್ಧತಿ.

ಹಾವೇರಿ ವರ್ತಕ

ನನ್ನ ಮೊದಲಿನ ಮಾತಿಗೆ ಲೆಕ್ಕವನ್ನೂ ಕೊಡುತ್ತೇನೆ, ಇಲ್ಲದಿದ್ದರೆ ಹುಬ್ಬಳ್ಳಿಯವರು ಒಪ್ಪುವುದಿಲ್ಲ. ಹಾವೇರಿಯಿಂದ ಪೀಣ್ಯದಲ್ಲಿರುವ ನಮ್ಮ ವ್ಯಾಪಾರದ ಗೋದಾಮಿಗೆ ರಸ್ತೆಯಲ್ಲಿ ಸುಮಾರು 330 ಕಿ.ಮೀ. ಬೆಳಿಗ್ಗೆ ಐದಕ್ಕೆ ಬಿಟ್ಟರೆ ಹತ್ತೂವರೆಯ ಒಳಗೆ ಅಲ್ಲಿರುತ್ತೇವೆ. ಪೀಣ್ಯವು ಹೆದ್ದಾರಿ ಬೆಂಗಳೂರನ್ನು ಮುಟ್ಟುವ ಕಡೆಯೇ ಇರುವುದರಿಂದ ನಗರದ ಟ್ರಾಫಿಕ್ ನಮಗೆ ತಗಲುವುದೇ ಇಲ್ಲ. ವಿಮಾನವಾದರೆ ಹುಬ್ಬಳ್ಳಿಗೆ ಒಂದೂವರೆ ಗಂಟೆ, ಅಲ್ಲಿ ಕಾಯುವುದು ಒಂದೂಕಾಲು, ಪ್ರಯಾಣ ಒಂದೂಕಾಲು, ಇಳಿಯುವುದು ಅರ್ಧ, ದೇವನಹಳ್ಳಿಯಿಂದ ಪೀಣ್ಯಕ್ಕೆ ಒಂದೂಕಾಲು. ಕೂಡಿಸಿ ನೋಡಿ, ಕಾರಿಗಿಂತ ಹೆಚ್ಚೇ ಆಗುತ್ತದೆ. ಮೇಲಾಗಿ ಬ್ಯಾಡಗಿ ಮೆಣಸಿನಕಾಯಿಯ ಮಾದರಿ ಚೀಲಗಳನ್ನು ವಿಮಾನದಲ್ಲಿ ಒಯ್ಯಲು ಹೋದರೆ ಪಕ್ಕದವರು ಸೀನಿಯೇ ಸಾಯುತ್ತಾರೆ.

ಶುಕ್ರವಾರದ ಬಸ್ಸಿನವ

ಎಲ್ಲರೂ ಗಂಟೆಗಳನ್ನು ಎಣಿಸುತ್ತಿದ್ದೀರಿ, ಆದರೆ ಅವು ಯಾವ ಗಂಟೆಗಳು ಎಂಬುದನ್ನು ಯಾರೂ ಕೇಳುತ್ತಿಲ್ಲ. ಧಾರವಾಡದಿಂದ ರಾತ್ರಿ ಹತ್ತರ ಸುಮಾರಿಗೆ ಹೊರಡುವ ಸ್ಲೀಪರ್ ಬಸ್ಸು ಬೆಳಿಗ್ಗೆ ಆರು–ಆರೂವರೆಗೆ ಬೆಂಗಳೂರಿನಲ್ಲಿರುತ್ತದೆ. ಎಂಟು ಗಂಟೆಯಾದರೂ ಅದು ಹೇಗೂ ಮಲಗುವ ಹೊತ್ತು. ನನ್ನ ಕೆಲಸದ ದಿನದಿಂದ ಅದು ಒಂದು ನಿಮಿಷವನ್ನೂ ಕಳೆಯುವುದಿಲ್ಲ. ವಿಮಾನದ ನಾಲ್ಕೈದು ಗಂಟೆಗಳು ಎಚ್ಚರದ ಗಂಟೆಗಳು, ಅರ್ಧ ದಿನದ ರಜೆ ಹಾಕಿಸುವಂಥವು. ಸಾಫ್ಟ್‌ವೇರ್ ಕಚೇರಿಗಳಲ್ಲಿ ಕೆಲಸ ಮಾಡುವ ಹುಬ್ಬಳ್ಳಿ–ಧಾರವಾಡದ ಹುಡುಗರು ವಾರಾಂತ್ಯಕ್ಕೆ ಬಸ್ಸನ್ನೇ ನಂಬಿರುವುದು ಹಣದ ಕಾರಣಕ್ಕೆ ಮಾತ್ರ ಎಂದು ತಿಳಿಯಬಾರದು.

ಬೆಳಗಿನ ಆ ಕೊನೆಯ ಇಪ್ಪತ್ತು ಕಿ.ಮೀ.ಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನೆಲಮಂಗಲ ದಾಟಿದ ಮೇಲೆ ಬಸ್ಸು 8ನೇ ಮೈಲಿ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ, ಯಶವಂತಪುರ ಎಂದು ನಿಲ್ಲುತ್ತಾ ಹೋಗುತ್ತದೆ. 2021ರ ಡಿಸೆಂಬರ್‌ನಲ್ಲಿ ಪೀಣ್ಯದ ಮೇಲ್ಸೇತುವೆಯನ್ನು ಮುಚ್ಚಿದಾಗಿನಿಂದ, ಭಾರಿ ವಾಹನಗಳನ್ನು ಮತ್ತೆ ಬಿಡುವವರೆಗೆ, ಕೆಳಗಿನ ರಸ್ತೆಯಲ್ಲಿ ಬಸ್ಸುಗಳು ತೆವಳುತ್ತಿದ್ದುದನ್ನು ಅನುಭವಿಸಿದವರೇ ಬಲ್ಲರು. ಹಾವೇರಿಯಿಂದ ದಾವಣಗೆರೆ ದಾಟುವ ಹೊತ್ತು ಅಲ್ಲೇ ಹೋಗುತ್ತಿತ್ತು. ಈಗ 2024ರ ನವೆಂಬರ್‌ನಿಂದ ಮೆಟ್ರೋದ ಹಸಿರು ಮಾರ್ಗ ಮಾದಾವರದವರೆಗೆ ಬಂದಿದೆ. ದಕ್ಷಿಣ ಬೆಂಗಳೂರಿಗೆ ಹೋಗುವವರು ಹೆದ್ದಾರಿಯಲ್ಲೇ ಇಳಿದು ಮೆಟ್ರೋ ಹತ್ತಿದರೆ, ಮೆಜೆಸ್ಟಿಕ್ಕಿನ ಮೇಲೆ ಸೀದಾ ಜಯನಗರಕ್ಕೇ ಹೋಗಬಹುದು, ನಡುವೆ ಬದಲಿಸುವ ಗೋಜೂ ಇಲ್ಲ.

ಉಣಕಲ್ ಕೆರೆಯ ಹತ್ತಿರ

ಬಸ್ಸಿನವರ ಮಾತು ಇಪ್ಪತ್ತೈದರ ವಯಸ್ಸಿಗೆ ಸರಿ. ಮೊಣಕಾಲು ನೋವಿನ ತಾಯಿಯನ್ನು ಕರೆದುಕೊಂಡು ಹೋಗುವವರಿಗೆ ಎಂಟು ಗಂಟೆಯ ನಿದ್ದೆ ಎಂಬುದು ಕಾಗದದ ಮೇಲಿನ ಲೆಕ್ಕ. ನಮ್ಮ ಅತ್ತೆಯವರನ್ನು ಸ್ಲೀಪರ್ ಬಸ್ಸಿನಲ್ಲಿ ಕರೆದೊಯ್ದಾಗ ಕೆಳಗಿನ ಬರ್ತೇ ಬೇಕೆಂದು ಮೊದಲೇ ಹೇಳಿ ಹಣ ಕಟ್ಟಿದ್ದರೂ ಹತ್ತಿದ ಮೇಲೆ ಮೇಲಿನದನ್ನು ತೋರಿಸಿದರು. ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ಒಬ್ಬ ಹುಡುಗ ತನ್ನ ಜಾಗ ಬಿಟ್ಟುಕೊಟ್ಟದ್ದರಿಂದ ಬಚಾವಾದೆವು. ನಡುರಾತ್ರಿ ಹಿರಿಯೂರಿನ ಆಸುಪಾಸು ಹೋಟೆಲಿನ ಮುಂದೆ ಬಸ್ಸು ನಿಂತಾಗ, ಆ ಎತ್ತರದ ಮೆಟ್ಟಿಲನ್ನು ಇಳಿದು ಶೌಚಾಲಯದವರೆಗೆ ಹೋಗಿ ಮತ್ತೆ ಹತ್ತುವುದೇ ಅವರಿಗೆ ಬೆಂಗಳೂರಿಗಿಂತ ದೂರವಾಯಿತು.

ವಿಮಾನದಲ್ಲಿಯೂ ಮೆಟ್ಟಿಲು ತಪ್ಪುವುದಿಲ್ಲ ಎಂಬುದು ನೆನಪಿರಲಿ. ಎಟಿಆರ್‌ನಲ್ಲಿ ಹತ್ತುವ ಬಾಗಿಲು ಹಿಂಭಾಗದಲ್ಲಿದೆ; ಬಾಗಿಲೇ ಕೆಳಗೆ ತೆರೆದುಕೊಂಡು ಮೆಟ್ಟಿಲಾಗುತ್ತದೆ. ಮೆಟ್ಟಿಲು ಕೆಲವೇ ಇದ್ದರೂ ಕಿರಿದು, ಹಿಂದಿನವರು ಅವಸರ ಮಾಡುತ್ತಾರೆ. ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಬೇಕೆಂದು ತಿಳಿಸಿ, ಹಿಂಬದಿಯ ಸಾಲಿನ ಸೀಟು ಕೇಳಿದರೆ ಬಾಗಿಲಿನ ಹತ್ತಿರವೇ ಕೂರಬಹುದು. ಗಾಲಿಕುರ್ಚಿ ಕೇಳಿದವರನ್ನು ಮೊದಲು ಹತ್ತಿಸುತ್ತಾರೆ, ಇಳಿಸುವುದು ಮಾತ್ರ ಎಲ್ಲರ ನಂತರ. ಬೆಂಗಳೂರಿನಲ್ಲಿ ಆ ಕಾಯುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಭೂಗೋಳ ಮಾಸ್ತರ್, ನಿವೃತ್ತ

ಉಣಕಲ್ಲಿನವರು ಬರೆದದ್ದನ್ನು ಓದಿ ಮೆಚ್ಚಿದೆ. ಒಂದು ಪ್ರಶ್ನೆ ವಿದ್ಯಾನಗರದವರಿಗೆ: ಅದೇ 370 ಕಿ.ಮೀ.ಗೆ ಒಮ್ಮೆ ಐವತ್ತೈದು ನಿಮಿಷದಲ್ಲಿ ಇಳಿಸಿ, ಇನ್ನೊಮ್ಮೆ ಒಂದೂಕಾಲು ಗಂಟೆ ಹಾರಿಸುವುದೇಕೆ? ಗಾಳಿಯ ಕಾರಣವೇ?

ವಿದ್ಯಾನಗರ, ಹುಬ್ಬಳ್ಳಿ

ಗಾಳಿಯೇ ಕಾರಣ, ಆದರೆ ತಾವು ಊಹಿಸಿದ ರೀತಿಯಲ್ಲಿ ಅಲ್ಲ. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ವಿಮಾನ ಎದುರುಗಾಳಿಗೆ ಮುಖ ಮಾಡಿ ಇಳಿಯಬೇಕು. ಚಳಿಗಾಲದಲ್ಲಿ ಗಾಳಿ ಪೂರ್ವದಿಂದ ಬೀಸುವಾಗ, ವಾಯವ್ಯದಿಂದ ಹೋಗುವ ನಮ್ಮ ವಿಮಾನ ಹೆಚ್ಚು ಸುತ್ತದೆ ಪಶ್ಚಿಮದ ಕಡೆಯಿಂದಲೇ ಇಳಿದುಬಿಡುತ್ತದೆ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುವುದರಿಂದ ವಿಮಾನ ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ, ಹಿಂದಕ್ಕೆ ತಿರುಗಿ, ಪಶ್ಚಿಮಾಭಿಮುಖವಾಗಿ ಇಳಿಯಬೇಕು. ಮುಂದೆ ಐದಾರು ವಿಮಾನಗಳು ಸಾಲಿನಲ್ಲಿದ್ದರೆ ಇನ್ನೂ ಒಂದೆರಡು ಸುತ್ತು. ಕಿಟಕಿಯಿಂದ ನಂದಿಬೆಟ್ಟ ಮತ್ತೆ ಮತ್ತೆ ಕಾಣಿಸತೊಡಗಿದರೆ ತಡವಾಗುತ್ತಿದೆ ಎಂದು ತಿಳಿಯಬಹುದು.

ಚಳಿಗಾಲದ ಬೆಳಗಿನ ಮಂಜು ಬೇರೆಯೇ ತೊಂದರೆ. ಡಿಸೆಂಬರ್–ಜನವರಿಯಲ್ಲಿ ದೇವನಹಳ್ಳಿಯ ಮೇಲೆ ಮಂಜು ಕವಿದ ದಿನ ಬೆಳಗಿನ ವಿಮಾನಗಳೆಲ್ಲ ಹಿಂದೆ ಬೀಳುತ್ತವೆ. ಅಲ್ಲಿಂದ ಬರಬೇಕಾದ ವಿಮಾನವೇ ಬರದಿದ್ದರೆ ಹುಬ್ಬಳ್ಳಿಯಲ್ಲಿ ಬಿಸಿಲು ಬಿದ್ದಿದ್ದರೂ ಕೂತಿರಬೇಕು. ಹನ್ನೊಂದಕ್ಕೆ ವೈದ್ಯರ ಮುಂದೆ ಇರಲೇಬೇಕಾದವರು ಅದೇ ಬೆಳಿಗ್ಗೆ ಹಾರುವ ಸಾಹಸ ಮಾಡಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮಾಳಮಡ್ಡಿ ವಾಸಿ, ಧಾರವಾಡ

ಹಾಗಾದರೆ ಹಿಂದಿನ ದಿನವೇ ಹೋಗಿ ಅಲ್ಲಿ ಒಂದು ರಾತ್ರಿ ಉಳಿಯುವುದೇ ಸರಿ ಎನಿಸುತ್ತಿದೆ. ಹಿಂದಿನ ದಿನ ಹೋಗುವುದಾದರೆ ಅವಸರವಿಲ್ಲ. ಆಗ ಕಾರಿನ ಏಳೆಂಟು ಗಂಟೆಗಳ ಮೇಲೆಯೂ ನನಗೆ ತಕರಾರಿಲ್ಲ. ರಸ್ತೆಯ ಬಗ್ಗೆ ಸ್ವಲ್ಪ ವಿವರವಾಗಿ ಯಾರಾದರೂ ಬರೆಯಬಹುದೇ? ಬೈಪಾಸಿನ ಸ್ಥಿತಿ ಹೇಗಿರುತ್ತದೆ, ಎಲ್ಲಿ ತಡವಾಗುತ್ತದೆ?

ಹಾವೇರಿ ವರ್ತಕ

ಧಾರವಾಡದಿಂದ ಹೊರಡುವವರಿಗೆ ಮೊದಲ ಮೂವತ್ತು ಕಿ.ಮೀ.ಯೇ ಹಳೆಯ ತಲೆನೋವು. ಪುಣೆ–ಬೆಂಗಳೂರು ಹೆದ್ದಾರಿಯ ಉಳಿದ ಭಾಗವೆಲ್ಲ ನಾಲ್ಕು ಪಥವಾಗಿ, ಆಮೇಲೆ ಆರು ಪಥದ ಕೆಲಸವೂ ನಡೆದು ಎಷ್ಟೋ ವರ್ಷವಾದರೂ, ನರೇಂದ್ರ ಕ್ರಾಸಿನಿಂದ ಗಬ್ಬೂರು ಕ್ರಾಸಿನವರೆಗಿನ ಬೈಪಾಸು ಮಾತ್ರ ನಡುವೆ ವಿಭಜಕವೇ ಇಲ್ಲದ ಎರಡು ಪಥದ ರಸ್ತೆಯಾಗಿ, ಮೇಲೆ ಟೋಲ್ ಸಹ ತೆಗೆದುಕೊಳ್ಳುತ್ತಾ ಉಳಿದುಕೊಂಡಿತ್ತು. 2021ರ ಜನವರಿಯಲ್ಲಿ ಇಟಿಗಟ್ಟಿಯ ಬಳಿ ದಾವಣಗೆರೆಯ ಗೆಳತಿಯರ ತಂಡ ಗೋವಾಕ್ಕೆ ಹೊರಟಿದ್ದಾಗ ಆದ ಅಪಘಾತದ ನಂತರವೇ ಅಗಲೀಕರಣದ ಕೂಗು ಜೋರಾದದ್ದು. ಕೆಲಸ ನಡೆಯುವ ಕಡೆ ಗಾಡಿಗಳನ್ನು ಪಕ್ಕದ ರಸ್ತೆಗೆ ತಿರುಗಿಸುತ್ತಾರೆ. ಅರ್ಧ ಗಂಟೆಯ ದಾರಿಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಊರೊಳಗಿನ ಪಿ.ಬಿ. ರೋಡನ್ನು ಹಿಡಿದರೆ ನವಲೂರು, ಉಣಕಲ್, ವಿದ್ಯಾನಗರಗಳ ಸಿಗ್ನಲ್ಲುಗಳು ಸಿಗುತ್ತವೆ. ನಡುವಿನ ಒಳ್ಳೆಯ ಜಾಗವೆಲ್ಲ ಚಿಗರಿ ಎಂಬ ಹುಬ್ಬಳ್ಳಿ–ಧಾರವಾಡ ನಡುವಿನ ಬಸ್ಸಿಗೆ ಮೀಸಲು.

ಗಬ್ಬೂರು ದಾಟಿದ ಮೇಲೆ ಹೇಳುವಂಥದ್ದು ಹೆಚ್ಚಿಲ್ಲ. ಬಂಕಾಪುರ, ಚಳಗೇರಿ, ಹೆಬ್ಬಾಳು ಎಂದು ಟೋಲ್‌ಗಳು ಬರುತ್ತವೆ. ಇದು ದಾವಣಗೆರೆ ಬಳಿಯ ಹೆಬ್ಬಾಳು, ಬೆಂಗಳೂರಿನ ಹೆಬ್ಬಾಳ ಅಲ್ಲ. ಫಾಸ್ಟ್ಯಾಗ್‌ನಲ್ಲಿ ಹಣ ಇದ್ದರೆ ನಿಲ್ಲುವ ಪ್ರಮೇಯವಿಲ್ಲ. ಗಬ್ಬೂರಿನಿಂದ ಎರಡು ಗಂಟೆಯಲ್ಲಿ ದಾವಣಗೆರೆ, ಮೂರು–ಮೂರೂಕಾಲು ಗಂಟೆಯಲ್ಲಿ ಚಿತ್ರದುರ್ಗ. ಅರ್ಧ ದಾರಿ ಆಯಿತೆಂದು ಅಲ್ಲಿ ನಿಂತು ತಾಯಿಯವರನ್ನು ಹತ್ತು ಹೆಜ್ಜೆ ನಡೆಸಿ. ಕಾಲು ಮಡಚಿ ಕೂತೇ ಇದ್ದರೆ ನೋವು ಜಾಸ್ತಿ. ತುಮಕೂರಿನವರೆಗೆ ಗಡಿಯಾರ ನೋಡಿ ಹೇಳಬಹುದಾದ ರಸ್ತೆ ಇದು. ತುಮಕೂರಿನ ನಂತರದ ಎಪ್ಪತ್ತು ಕಿ.ಮೀ.ಗೆ ಮಾತ್ರ ಯಾರೂ ಜವಾಬು ಕೊಡಲಾರರು. ಕಾರ್ಖಾನೆಯ ಬಸ್ಸು, ಕಂಟೇನರ್ ಲಾರಿ ಎಲ್ಲ ಸೇರಿಕೊಂಡು ಸಂಜೆಯ ಹೊತ್ತು ಅದೊಂದೇ ಎರಡು ಗಂಟೆ ತಿನ್ನುತ್ತದೆ. ಜಯನಗರಕ್ಕೆ ಹೋಗುವವರು ಮಾದಾವರದ ಬಳಿ ನೈಸ್ ರಸ್ತೆಗೆ ತಿರುಗಿ ದಕ್ಷಿಣದ ಕಡೆಯಿಂದ ಊರು ಹೊಗುವುದು ಮೇಲು.

ಬೆಟಗೇರಿಯವ, ಗದಗ

ವಿದೇಶದ ವಿಮಾನ ಹಿಡಿಯಲು ಕಾರಿನಲ್ಲೇ ದೇವನಹಳ್ಳಿಗೆ ಹೋಗುವವರಿಗೂ ಒಂದು ಮಾತು. ನೆಲಮಂಗಲದವರೆಗೆ ಹೋಗಬೇಡಿ, ಅದಕ್ಕೂ ಮೊದಲು ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೊಸ ಹೆದ್ದಾರಿ ಇದೆ. ಒಟ್ಟು ದೂರ ಹೆಚ್ಚುಕಡಿಮೆ ಬೆಂಗಳೂರಿನಷ್ಟೇ, ಆದರೆ ನಗರದ ನೆರಳೂ ಸೋಕುವುದಿಲ್ಲ. ರಾತ್ರಿ ಎರಡರ ವಿಮಾನಕ್ಕೆ ಮಗಳನ್ನು ಬಿಟ್ಟುಬರುವಾಗ ಈ ದಾರಿಯ ಬೆಲೆ ತಿಳಿಯಿತು.

ಮಾಳಮಡ್ಡಿ ವಾಸಿ, ಧಾರವಾಡ

ಎಲ್ಲರಿಗೂ ಕೃತಜ್ಞತೆಗಳು. ಹೋಗುವುದು ಹಿಂದಿನ ದಿನ ಬೆಳಿಗ್ಗೆ ಕಾರಿನಲ್ಲಿ ಎಂದು ನಿರ್ಧರಿಸಿದೆವು. ಆದರೆ ಜೊತೆಗೆ ಬರುವ ನನ್ನ ತಮ್ಮನು ವೈದ್ಯರನ್ನು ಕಂಡ ದಿನ ಸಂಜೆ ಆಸ್ಪತ್ರೆಯಿಂದಲೇ ಹುಬ್ಬಳ್ಳಿಗೆ ಹಿಂದಿರುಗಿ ಮರುದಿನ ಕೆಲಸಕ್ಕೆ ಹಾಜರಾಗಬೇಕು. ಅವನಿಗೆ ಸಂಜೆಯ ವಿಮಾನವೇ ಬೇಗ ಆಗುತ್ತದಲ್ಲವೇ?

ಶುಕ್ರವಾರದ ಬಸ್ಸಿನವ

ಸಂಜೆ ಆರೂವರೆಯ ಸುಮಾರಿಗೆ ವಿಮಾನ ಇದೆ ಎಂದಿಟ್ಟುಕೊಳ್ಳಿ. ಐದಕ್ಕೆ ನಿಲ್ದಾಣದಲ್ಲಿರಬೇಕಾದರೆ ಜಯನಗರದಿಂದ ಮೂರಕ್ಕೆ ಹೊರಡಬೇಕು, ಅಂದರೆ ಆಸ್ಪತ್ರೆಯಲ್ಲಿ ಎಕ್ಸ್‌ರೇ, ರಕ್ತಪರೀಕ್ಷೆ ಎಂದು ಹೊತ್ತಾದರೆ ಟಿಕೆಟ್ ಹಾಳು. ಎಲ್ಲ ಸರಿಹೋದರೆ ಒಂಬತ್ತಕ್ಕೆ ಧಾರವಾಡದ ಮನೆಯಲ್ಲಿ ಊಟಕ್ಕೆ ಕೂರಬಹುದು, ಅದು ನಿಜ. ರಾತ್ರಿ ಬಸ್ಸಾದರೆ ಎಂಟೂವರೆಯವರೆಗೂ ತಾಯಿಯವರ ಹತ್ತಿರ ಕೂತಿದ್ದು, ಮೆಟ್ರೋದಲ್ಲಿ ಮೆಜೆಸ್ಟಿಕ್ಕಿಗೆ ಬಂದು, ಊಟ ಮುಗಿಸಿ, ಹತ್ತರ ಬಸ್ಸು ಹತ್ತಿ ಬೆಳಿಗ್ಗೆ ಆರೂವರೆಗೆ ಹುಬ್ಬಳ್ಳಿಯಲ್ಲಿ ಇಳಿದು, ಸ್ನಾನ ಮಾಡಿ ಕೆಲಸಕ್ಕೆ ಹೋಗಬಹುದು. ತಮ್ಮನವರು ಬಸ್ಸಿನಲ್ಲಿ ನಿದ್ದೆ ಮಾಡುವವರೋ ಅಲ್ಲವೋ ಎಂಬುದನ್ನು ಅವರನ್ನೇ ಕೇಳಿ ಟಿಕೆಟ್ ಮಾಡಿಸಿ. ನಿದ್ದೆ ಬರುವುದಿಲ್ಲ ಎಂದರೆ ಮಾತ್ರ ವಿಮಾನ, ಅದೂ ಆ ದಿನದ ಕೊನೆಯದು.